ಟ್ರೇಲರ್ ಚಕ್ರದ ಬೇರಿಂಗಿಗೆ ಯಾವ ಗ್ರೀಸ್? ಮೊದಲು ಒಳಗೆ ಏನಿದೆ ನೋಡಿ

ನೀವು ಕೇಳಿರುವುದು ಇಷ್ಟು: ಸಣ್ಣ ದೋಣಿ ಸಾಗಿಸುವ ಟ್ರೇಲರ್ ಇದೆ, ಅಂಗಡಿಯಲ್ಲಿ ಕೆಂಪು, ನೀಲಿ, ಕಪ್ಪು ಅಂತ ಮೂರು ಗ್ರೀಸ್ ತೋರಿಸಿದರು, ಯಾವುದು ತಗೊಳ್ಳಲಿ, ಹಳೆಯದರ ಮೇಲೇ ಹಾಕಬಹುದಾ, ಎಷ್ಟು ದಿನಕ್ಕೊಮ್ಮೆ?

ಬಣ್ಣ ಮರೆತುಬಿಡಿ. ಕೆಂಪು, ನೀಲಿ ಅನ್ನುವುದು ಬರೀ ಡೈ. ಒಂದು ಕಂಪನಿಯ ನೀಲಿ ಲಿಥಿಯಂ ಗ್ರೀಸ್ ಆಗಿದ್ದರೆ ಇನ್ನೊಂದರ ನೀಲಿ ಪಾಲಿಯೂರಿಯಾ ಆಗಿರಬಹುದು (ಎರಡೂ ಗ್ರೀಸನ್ನು ಗಟ್ಟಿ ಮಾಡಲು ಸೇರಿಸುವ ಬೇರೆ ಬೇರೆ ವಸ್ತುಗಳು). ಕಪ್ಪಗಿದ್ದರೆ ಸಾಮಾನ್ಯವಾಗಿ ಮಾಲಿಬ್ಡಿನಂ ಡೈಸಲ್ಫೈಡ್ ಅಥವಾ ಗ್ರಾಫೈಟ್ ಅನ್ನುವ ಜಾರುವ ಪುಡಿ ಸೇರಿಸಿರುತ್ತಾರೆ. ಪಿನ್ನು, ಬುಷ್ಷು, ಹೀಗೆ ಉಜ್ಜಾಡುವ ಕಡೆ ಅದು ಒಳ್ಳೆಯದೇ, ಆದರೆ ಬೇರಿಂಗಿನೊಳಗೆ ಉರುಳುವ ರೋಲರಿಗೆ ಅದರ ಅಗತ್ಯ ಇಲ್ಲ.

ಡಬ್ಬಿ ತಿರುಗಿಸಿ ಹಿಂದೆ ಓದಿ. ಎನ್‌ಎಲ್‌ಜಿಐ 2 ಅಂತ ಇರಬೇಕು, ಅದು ಗಟ್ಟಿತನದ ನಂಬರ್. 000 ಅಂದರೆ ಎಣ್ಣೆಯ ಹಾಗೆ ಹರಿಯುತ್ತದೆ, 6 ಅಂದರೆ ಸೋಪಿನ ಗಟ್ಟಿಯ ಹಾಗೆ ಕೂರುತ್ತದೆ, ಚಕ್ರಕ್ಕೆ ಬೇಕಾದ್ದು ನಡುವಿನ 2. ಜೊತೆಗೆ ಜಿಸಿ-ಎಲ್‌ಬಿ ಅನ್ನುವ ಅಕ್ಷರಗಳಿದ್ದರೆ ಇನ್ನೂ ಒಳ್ಳೆಯದು. ಜಿಸಿ ಅನ್ನುವುದು ಚಕ್ರದ ಬೇರಿಂಗಿಗೆ ಕೊಡುವ ದರ್ಜೆ, ಎಲ್‌ಬಿ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿನ ಕೀಲುಗಳಿಗೆ. ಆಮೇಲೆ ನೋಡಬೇಕಾದ್ದು ಗಟ್ಟಿಕಾರಕ ಯಾವುದು ಅಂತ. ಗ್ರೀಸ್ ಅಂದರೆ ಸಾಮಾನ್ಯವಾಗಿ ಎಣ್ಣೆಯನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಂಡ ಒಂದು ಥರದ ಸೋಪು. ಕೆಲಸ ಮಾಡುವುದು ಎಣ್ಣೆ, ಅದನ್ನು ಓಡಿಹೋಗದಂತೆ ಹಿಡಿಯುವುದು ಸೋಪು. ಮಾಮೂಲಿ ಟ್ರೇಲರಿಗೆ ಲಿಥಿಯಂ ಕಾಂಪ್ಲೆಕ್ಸ್ ಸಾಕು. ನಿಮ್ಮದು ನೀರಿಗೆ ಇಳಿಯುವ ಟ್ರೇಲರ್, ಅದರಲ್ಲೂ ಉಪ್ಪುನೀರಾದರೆ, ಕ್ಯಾಲ್ಸಿಯಂ ಸಲ್ಫೋನೇಟ್ ತಗೊಳ್ಳಿ. ನೀರಿನಲ್ಲಿ ಬೇಗ ತೊಳೆದುಹೋಗುವುದಿಲ್ಲ, ತುಕ್ಕನ್ನೂ ಚೆನ್ನಾಗಿ ತಡೆಯುತ್ತದೆ.

ಈಗ ಎರಡನೇ ಪ್ರಶ್ನೆ. ಹಳೆಯದರ ಮೇಲೆ ಹೊಸದು ಹಾಕಬೇಡಿ. ಇದನ್ನು ನಾನು ಕೆಟ್ಟು ಕಲಿತೆ. ಟ್ರೇಲರ್ ಕೊಂಡ ಹೊಸದರಲ್ಲಿ ಒಳಗೆ ಏನಿದೆ ಅಂತ ನೋಡದೆ, ಕೈಗೆ ಸಿಕ್ಕ ಗ್ರೀಸನ್ನು ಗ್ರೀಸ್ ಗನ್ನಿನಲ್ಲಿ ತುಂಬಿ ನಿಪ್ಪಲಿಗೆ (ಗ್ರೀಸ್ ಒಳಗೆ ಹೋಗುವ ಮೂತಿಗೆ) ಹೊಡೆದೆ, ಅದು ಎದುರಿಂದ ಹೊರಗೆ ಬರುವ ತನಕ ಹೊಡೆಯುತ್ತಲೇ ಇದ್ದೆ, ದೊಡ್ಡ ಕೆಲಸ ಮಾಡಿದ ಖುಷಿ ಬೇರೆ. ಕೆಲವು ವಾರ ಬಿಟ್ಟು ನೋಡಿದರೆ ಚಕ್ರದ ಒಳಮೈ ಪೂರ್ತಿ ಎಣ್ಣೆ. ಬಿಚ್ಚಿದಾಗ ಗ್ರೀಸ್ ನೀರುಮಜ್ಜಿಗೆ ಆಗಿತ್ತು. ಒಳಗಿದ್ದದ್ದು ಪಾಲಿಯೂರಿಯಾ ಇರಬೇಕು, ನಾನು ಹಾಕಿದ್ದು ಲಿಥಿಯಂ. ಇವೆರಡೂ ಎಷ್ಟೋ ಸಲ ಹೊಂದುವುದಿಲ್ಲ, ಬೆರೆತರೆ ಗಟ್ಟಿಕಾರಕ ಒಡೆದು ಎಣ್ಣೆ ಬಿಟ್ಟುಕೊಡುತ್ತದೆ. ಸಾಲದ್ದಕ್ಕೆ ನಾನು ಜಾಸ್ತಿ ಒತ್ತಿದ್ದರಿಂದ ಹಿಂದಿನ ಸೀಲೂ (ಗ್ರೀಸ್ ಹೊರಗೆ, ನೀರು ಒಳಗೆ ಹೋಗದಂತೆ ತಡೆಯುವ ಬಳೆ) ಕಿತ್ತು ಬಂದಿತ್ತು. ಬ್ರೇಕ್ ಇರುವ ಟ್ರೇಲರ್ ಆಗಿದ್ದರೆ ಎಲ್ಲ ಬ್ರೇಕ್ ಶೂ ಮೇಲೆ!

ಹಾಗಾಗಿ ಗೊತ್ತಿಲ್ಲದ ಟ್ರೇಲರ್ ಕೈಗೆ ಬಂದರೆ ಒಂದು ಸಲ ಪೂರ್ತಿ ಬಿಚ್ಚಿ. ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ತೊಳೆದ ಎಣ್ಣೆ ಒಳಗೆ ಉಳಿದರೆ ಹೊಸ ಗ್ರೀಸ್ ತೆಳ್ಳಗಾಗುತ್ತದೆ. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನು ಗಿರ್ರೆಂದು ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು, ಮಾಡಬೇಡಿ. ಒಣ ಬೇರಿಂಗು ಹಾಳಾಗುತ್ತದೆ, ರೋಲರ್ ಸಿಡಿದು ಕಣ್ಣಿಗೂ ಬೀಳಬಹುದು. ತೊಳೆದ ಮೇಲೆ ಬೆಳಕಿಗೆ ಹಿಡಿದು ನೋಡಿ. ರೋಲರ್ ಮೇಲೆ ಗುಳಿ, ತುಕ್ಕಿನ ಕಲೆ, ಬಿಸಿಗೆ ನೀಲಿ ತಿರುಗಿದ ಗುರುತು ಇದ್ದರೆ ಯಾವ ಗ್ರೀಸೂ ಅದನ್ನು ಉಳಿಸುವುದಿಲ್ಲ. ಬೇರಿಂಗ್ ಬದಲಾಯಿಸುವಾಗ ಹಬ್ಬಿನೊಳಗಿನ (ಚಕ್ರದ ನಡುವಿನ ಭಾಗದೊಳಗಿನ) ಕಪ್, ಅಂದರೆ ರೋಲರ್ ಉರುಳುವ ಹೊರಬಳೆ ಕೂಡ ಬದಲಾಯಿಸಿ, ಎರಡೂ ಜೋಡಿ. ಬಿಚ್ಚಿದಾಗ ಸಿಕ್ಕ ಗ್ರೀಸ್ ಹಾಲಿನ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ.

ತುಂಬುವುದು ಅಂಗೈಯಲ್ಲೇ ಆಗುತ್ತದೆ. ಒಂದು ಮುದ್ದೆ ಗ್ರೀಸ್ ಅಂಗೈಗೆ ಹಾಕಿಕೊಂಡು, ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ, ಗ್ರೀಸ್ ರೋಲರುಗಳ ಸಂದಿಯಿಂದ ಮೇಲೆ ಇಣುಕುವ ತನಕ. ಸುತ್ತ ಪೂರ್ತಿ ಹೀಗೆ ಮಾಡಿ. ಹೊರಗಿನಿಂದ ಸವರಿದರೆ ಏನೂ ಪ್ರಯೋಜನ ಇಲ್ಲ. ಕಪ್‌ಗೂ ಹಬ್ಬಿನ ಒಳಗೋಡೆಗೂ ಒಂದು ಲೇಪ ಕೊಡಿ, ಇಡೀ ಹಬ್ಬನ್ನು ಕಿಕ್ಕಿರಿದು ತುಂಬಬೇಡಿ, ಜಾಸ್ತಿ ಗ್ರೀಸ್ ಕಡೆದುಕೊಂಡೇ ಬಿಸಿಯಾಗುತ್ತದೆ. ಸೀಲು ಹೊಸದೇ ಹಾಕಿ, ನಟ್ ಸಡಿಲವಾಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ನೂ ಅಷ್ಟೇ. ನಟ್ಟನ್ನು ಹಬ್ ತಿರುಗಿಸುತ್ತಾ ಬಿಗಿ ಮಾಡಿ, ಪೂರ್ತಿ ಸಡಿಲಿಸಿ, ಆಮೇಲೆ ಬೆರಳಿನಲ್ಲಿ ಬಿಗಿಯುವಷ್ಟೇ ಸಾಕು. ಪಿನ್ನಿನ ತೂತು ಕೂಡದಿದ್ದರೆ ಮುಂದಕ್ಕಲ್ಲ, ಹಿಂದಕ್ಕೆ ತಿರುಗಿಸಿ ಕೂಡಿಸಿ.

ಎಷ್ಟು ದಿನಕ್ಕೆ ಅಂದರೆ, ರಸ್ತೆ ಟ್ರೇಲರಿಗೆ ವರ್ಷಕ್ಕೊಮ್ಮೆ ಅಥವಾ ಸುಮಾರು 20,000 ಕಿಲೋಮೀಟರಿಗೆ, ಯಾವುದು ಮೊದಲೋ ಅದು. ದೋಣಿಯದಕ್ಕೆ ಕಿಲೋಮೀಟರ್ ಲೆಕ್ಕವೇ ಬೇಡ, ಸೀಸನ್ ಮುಗಿದಾಗ ಬಿಚ್ಚಿಬಿಡಿ. ನೀರು ಹೋಗಿದ್ದರೆ ಅದು ಸುಮ್ನೆ ನಿಂತಿರುವ ತಿಂಗಳುಗಳಲ್ಲೇ ತುಕ್ಕು ಹಿಡಿಸುವುದು, ಅಲ್ವಾ? ಇನ್ನೊಂದು, ದೂರದಿಂದ ಬಂದವರು ಸೀದಾ ನೀರಿಗೆ ಇಳಿಸುತ್ತಾರೆ. ಬಿಸಿ ಹಬ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ದೋಣಿಯ ಹಗ್ಗ ಬಿಚ್ಚುವ ಕೆಲಸವೆಲ್ಲ ಮೊದಲು ಮುಗಿಸಿ, ಹಬ್ ಆರಿದ ಮೇಲೆ ಇಳಿಸಿ. ನೀರಿಗೆ ಇಳಿಯುವ ಟ್ರೇಲರಿಗೆ ಸ್ಪ್ರಿಂಗ್ ಇರುವ ಹಬ್ ಕ್ಯಾಪ್ ಸಿಗುತ್ತದೆ, ಒಳಗಿನ ಗ್ರೀಸನ್ನು ಸ್ವಲ್ಪ ಒತ್ತಡದಲ್ಲಿ ಇಟ್ಟು ನೀರು ತಡೆಯುತ್ತದೆ. ಹಾಕಿಸಿಕೊಳ್ಳಿ, ಆದರೆ ಅದಕ್ಕೂ ಎರಡು ಮೂರು ಪಂಪ್ ಸಾಕು.

ಕೆಲಸ ಮುಗಿದ ಮೇಲೆ ಮೊದಲ ಓಟದಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ, ಎರಡೂ ಹಬ್ಬುಗಳ ಹತ್ತಿರ ಕೈ ತಂದು ಕಾವು ನೋಡಿ, ಆಮೇಲೆ ಮುಟ್ಟಿ. ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾಗದಷ್ಟು ಬಿಸಿ ಅಂದರೆ ಆ ಕಡೆಯ ನಟ್ ಬಿಗಿಯಾಗಿದೆ, ಇಲ್ಲವೇ ಬೇರಿಂಗೇ ಹೋಗಿದೆ. ಮನೆ ತನಕ ಓಡಿಸಬೇಡಿ, ಅಲ್ಲೇ ಜ್ಯಾಕ್ ಕೊಟ್ಟು ನೋಡಿ.