‘ಎರಡು ತಿಂಗಳಿಂದ’ ಅಂತ ಇಂಗ್ಲಿಷಿನಲ್ಲಿ ಹೇಳುವಾಗ

ತಮ್ಮಾ, ಸಿಂಧನೂರಿನಿಂದ ಬರ್ಮಿಂಗ್‌ಹ್ಯಾಮಿಗೆ ಹೊರಟಿದ್ದೀಯ. ಚಳಿ ಎಷ್ಟು, ಊಟ ಹೇಗೆ, ‘ಹ್ಯಾವ್ ಬೀನ್’ ಎಲ್ಲಿ ಹಾಕಬೇಕು ಅಂತ ಕೇಳಿದ್ದೀಯ.

ಜಾಕೆಟ್ ಇಲ್ಲೇ ತಗೋ, ಅಲ್ಲಿಂದ ಸುಮ್ನೆ ಹೊತ್ತು ತರಬೇಡ. ಜೋಳದ ಹಿಟ್ಟು ‘ಜುವಾರ್’ ಅನ್ನೋ ಹೆಸರಲ್ಲಿ ಸಿಗುತ್ತೆ. ಶೇಂಗಾ ಹಿಂಡಿ ಮಾತ್ರ ಮನೆಯಿಂದಲೇ ಕಟ್ಟಿಸಿಕೊಂಡು ಬಾ.

ನಾನು ಬಂದಿದ್ದು 2009ರ ಡಿಸೆಂಬರಿನಲ್ಲಿ. ಸಂಜೆ ನಾಲ್ಕಕ್ಕೇ ಕತ್ತಲು. ಪಕ್ಕದ ಮನೆ ಅಜ್ಜಿ ಬಂದು ಎಷ್ಟು ದಿನವಾಯ್ತು ಅಂತ ಕೇಳಿದರೆ, ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಡೇಸ್’ ಅಂದೆ. ಅಜ್ಜಿಗೆ ಅರ್ಥವಾಯ್ತು, ನಕ್ಕರು. ಅಂಥ ತಪ್ಪಿಗೆ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲ್ಲ.

‘ಹತ್ತು ದಿನದಿಂದ ಕಾಲುವೆಗೆ ನೀರು ಬರ್ತಿದೆ’ ಅಂದರೆ ಈಗಲೂ ಬರ್ತಿದೆ ಅಂತ ನಮಗೆ ಗೊತ್ತು. ಇಂಗ್ಲಿಷಿನಲ್ಲಿ ಅದಕ್ಕೆ ‘ವಾಟರ್ ಹ್ಯಾಸ್ ಬೀನ್ ಕಮಿಂಗ್’ ಅನ್ನಬೇಕು. ಹತ್ತು ದಿನ ಅಂತ ಲೆಕ್ಕ ಹೇಳಿದರೆ ‘ಫಾರ್’, ಸೋಮವಾರದಿಂದ ಅಂದರೆ ‘ಸಿನ್ಸ್’. ನಮಗೆ ಎರಡಕ್ಕೂ ‘ಇಂದ’ ಒಂದೇ, ಎಡವೋದು ಅಲ್ಲೇ. ‘ಗೊತ್ತು’ ಅನ್ನೋಕೆ ‘ಇಂಗ್’ ಅಂಟಿಸಬೇಡ, ‘ಐ ಹ್ಯಾವ್ ನೋನ್ ಹಿಮ್’ ಸಾಕು.

ಇದನ್ನೆಲ್ಲ ಹೈಸ್ಕೂಲಿನಲ್ಲೇ ಬರೆದು ಮಾರ್ಕ್ಸ್ ತಗೊಂಡಿದ್ದೆ. 2012ರಲ್ಲಿ ಮಾನ್ವಿಯಲ್ಲಿ ಅವ್ವ ಹಾಸಿಗೆ ಹಿಡಿದಳು. ರಜೆ ಕೇಳೋಣ ಅಂತ ಮ್ಯಾನೇಜರ್ ಹತ್ತಿರ ಹೋಗಿ, ‘ಮೈ ಮದರ್ ವಾಸ್ ಸಫರಿಂಗ್ ಫಾರ್ ಟೂ ಮಂತ್ಸ್’ ಅಂದೆ. ‘ಹ್ಯಾಸ್ ಬೀನ್’ ಬಾಯಿಗೆ ಬರಲಿಲ್ಲ. ಅವರು ಆ ‘ವಾಸ್’ ಕೇಳಿ ಅವ್ವ ಹುಷಾರಾದಳು ಅಂದುಕೊಂಡರು. ‘ಗ್ಲಾಡ್ ಇಟ್ಸ್ ಓವರ್’ ಅಂದು ಭುಜ ತಟ್ಟಿದರು.

ನಮ್ಮ ಕಡೆಯವರ ಸ್ವಭಾವ ನಿನಗೆ ಗೊತ್ತೇ ಇದೆ ಅಲ್ವಾ. ದೊಡ್ಡವರು ಏನೋ ಅಂದರೆ ತಲೆಯಾಡಿಸಿಬಿಡ್ತೀವಿ. ನಾನು ಥ್ಯಾಂಕ್ಸ್ ಬೇರೆ ಹೇಳಿ ಹೊರಗೆ ಬಂದೆ. ಇಂಗ್ಲಿಷ್ ಬರಲ್ಲ ಅಂದುಕೊಂಡಾರು ಅಂತ ನಾಚಿಕೆ. ಮತ್ತೆ ಹೋಗಿ ಕೇಳಿದ್ದು ಹನ್ನೆರಡು ದಿನ ಬಿಟ್ಟು. ಊರು ಮುಟ್ಟಿದಾಗ ಅವ್ವನ ಮಾತು ನಿಂತುಹೋಗಿತ್ತು. ಕೈ ಮುಂದೆ ಮಾಡಿದರೆ ಹಿಡಿದುಕೊಂಡಳು. ಗುರುತು ಸಿಕ್ಕಿತ್ತೋ ಇಲ್ಲವೋ.

ನಿನಗೂ ‘ಹ್ಯಾಸ್ ಬೀನ್’ ಬಾಯಿಗೆ ಬರದಿದ್ದರೆ ‘ಸ್ಟಿಲ್’ ಅಂತ ಸೇರಿಸು. ‘ಶಿ ಈಸ್ ಸ್ಟಿಲ್ ಸಿಕ್’ ಅಂದರೂ ನಡೆಯುತ್ತೆ. ಎದುರಿನವರು ತಪ್ಪು ತಿಳಿದುಕೊಂಡರು ಅನ್ನಿಸಿದರೆ ಅಲ್ಲೇ ನಿಂತು ಇನ್ನೊಂದು ಸಲ ಹೇಳು.

ಏರ್‌ಪೋರ್ಟಿಗೆ ಬರ್ತೀನಿ, ಟಿಕೆಟ್ ಆದ ಕೂಡಲೇ ತಿಳಿಸು. ಹಿಂಡಿ ಸ್ವಲ್ಪ ಜಾಸ್ತಿ ತಾ, ನನಗೂ ಇರಲಿ.