ಅಜ್ಜಿ ನೋಡಿದ ತಮಿಳು ಪಿಕ್ಚರ್

ಪ್ರಶ್ನೆ: ನಮ್ಮ ಅಜ್ಜಿಗೆ 88 ವರ್ಷ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಂಕಣಿಕೋಟೆಯ ಟೆಂಟಿನಲ್ಲಿ ನೋಡಿದ ತಮಿಳು ಪಿಕ್ಚರ್ ಒಂದರ ಕಥೆ ಈಗಲೂ ಹೇಳುತ್ತಾರೆ. ಹೆಸರು ಮರೆತಿದೆ. ಕೊನೆಗೆ ಹುಲಿ ಬರುತ್ತದಂತೆ. ಅದರ ಪಾಟ್ಟು ಪುಸ್ತಕ (ಪಿಕ್ಚರಿನ ಹಾಡುಗಳ ಪುಸ್ತಕ) ಟ್ರಂಕಿನಲ್ಲಿದೆ, ರಟ್ಟು ಹರಿದುಹೋಗಿದೆ. ಹಿಂಬದಿ 2 ಅಣೆ ಅಂತ ಬೆಲೆ ಇದೆ. ಯೂಟ್ಯೂಬ್‌ನಲ್ಲಿ ಸಿಗಲಿಲ್ಲ. ಎಲ್ಲಿ ಹುಡುಕಲಿ?
– ಓದುಗರೊಬ್ಬರು, ತಳಿ

ಉತ್ತರ: ಪಿಕ್ಚರ್ ಸಿಗುವ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಆಗಿನ ರೀಲು ನೈಟ್ರೇಟ್ ಅನ್ನುವ ಪ್ಲಾಸ್ಟಿಕ್ಕಿನದು. ಬೇಗ ಹೊತ್ತಿಕೊಳ್ಳುತ್ತಿತ್ತು, ನಮ್ಮ ಸೆಕೆಗೆ ಅಂಟಂಟಾಗಿ ಹಾಳಾಗುತ್ತಿತ್ತು. ಓಡಿ ಸವೆದ ಪ್ರಿಂಟನ್ನು ಬೆಳ್ಳಿ ತೆಗೆಯಲು ಗುಜರಿಗೆ ಹಾಕುತ್ತಿದ್ದರು. ಪುಣೆಯಲ್ಲಿ ಸರ್ಕಾರದ ಫಿಲ್ಮ್ ಸಂಗ್ರಹಾಲಯ ಶುರುವಾಗಿದ್ದೇ 1964ರಲ್ಲಿ. ತಮಿಳಿನ ಮೊದಲ ಟಾಕಿ ‘ಕಾಳಿದಾಸ್’ (1931) ಉಳಿದಿಲ್ಲ. ನಮ್ಮ ‘ಸತಿ ಸುಲೋಚನಾ’ (1934) ಕೂಡ ಇಲ್ಲ. ಇನ್ನು ಹೆಸರೇ ಗೊತ್ತಿಲ್ಲದ್ದರ ಪಾಡೇನು?

ಆದರೆ ಪಾಟ್ಟು ಪುಸ್ತಕ ಇದೆಯಲ್ಲ, ಅದು ಸಣ್ಣ ಆಸ್ತಿಯಲ್ಲ. ನೀವು ಪಿಕ್ಚರ್ ಹುಡುಕುತ್ತಿದ್ದೀರಿ, ಹಾಡು ಹುಡುಕಿ. ಗ್ರಾಮಫೋನ್ ತಟ್ಟೆಗಳು ಮನೆಮನೆಗೆ ಹೋಗಿದ್ದವು. ರೀಲು ಹೋದರೂ ಎಷ್ಟೋ ಹಾಡು ಉಳಿದಿದ್ದು ಹಾಗೆ. ತಮಿಳು ಓದುವವರಿಂದ ಪ್ರತಿ ಹಾಡಿನ ಪಲ್ಲವಿ ಓದಿಸಿ, ಅದನ್ನೇ ಟೈಪ್ ಮಾಡಿ. ಓದಿಸುವಾಗ ಅಜ್ಜಿ ಪಕ್ಕದಲ್ಲೇ ಇರಲಿ. ಯಾವ ಸಾಲಿಗೆ ಅವರು ದನಿಗೂಡಿಸುತ್ತಾರೋ ನೋಡಿ. ಟೆಂಟಿನಲ್ಲಿ ಪಿಕ್ಚರ್ ಬದಲಾಗುತ್ತಲೇ ಇರುತ್ತಿದ್ದವು. ಆ ಹುಲಿ ಬೇರೆ ಯಾವುದೋ ಪಿಕ್ಚರಿನಿಂದ ನುಗ್ಗಿರಲೂಬಹುದು!

ಇನ್ನೊಂದು. ಪುಸ್ತಕದ ‘ಕದೈ ಚುರುಕ್ಕಂ’, ಅಂದರೆ ಕಥೆಯ ಸಾರಾಂಶ, ಪೂರ್ತಿ ಓದಿಸಿ. ನನ್ನ ಹತ್ತಿರ ಇರುವ ಒಂದರಲ್ಲಿ ರಾಜಕುಮಾರಿ ವಿಷದ ಬಟ್ಟಲು ಕೈಗೆತ್ತಿಕೊಳ್ಳುತ್ತಾಳೆ. ಅಷ್ಟೇ. ಕೆಳಗೆ ‘ಮಿಕ್ಕಿದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ’. ಈ ಪುಸ್ತಕಗಳ ಚಾಳಿಯೇ ಇದು, ಟಿಕೆಟ್ ಮಾರಬೇಕಲ್ವಾ! ಈಗ ತೆರೆಯೂ ಇಲ್ಲ, ಕೊನೆಯೂ ಇಲ್ಲ. ನಿಮ್ಮ ಪುಸ್ತಕವೂ ಹಾಗೇ ನಿಂತಿದ್ದರೆ ಆ ಕೊನೆ ಗೊತ್ತಿರುವವರು ಬಹುಶಃ ನಿಮ್ಮ ಅಜ್ಜಿ ಒಬ್ಬರೇ. ಫೋನಿನಲ್ಲಿ ರೆಕಾರ್ಡ್ ಮಾಡಿ. ‘ಹೀಗಾಯ್ತಾ, ಹಾಗಾಯ್ತಾ’ ಅಂತ ಬಾಯಿಗೆ ಮಾತು ಕೊಡಬೇಡಿ. ಸುಮ್ನೆ ಕೇಳಿಸಿಕೊಳ್ಳಿ. ಹುಲಿ ಬಂದರೆ ಬರಲಿ.

ಅಣೆಯ ಬೆಲೆ ಇದೆ ಅಂದರೆ ಬಹುಶಃ 1957ರಲ್ಲಿ ನಯಾಪೈಸೆ ಬರುವುದಕ್ಕಿಂತ ಹಿಂದಿನದು ಅಂತ ಲೆಕ್ಕ. ಅಜ್ಜಿ ಹೇಳುವ ಕಾಲಕ್ಕೆ ಹೊಂದುತ್ತದೆ. ಕೊನೆಯ ಪುಟದ ಅಡಿಯಲ್ಲಿ ಪ್ರೆಸ್ಸಿನ ಹೆಸರಿದ್ದರೆ ಗುರುತು ಮಾಡಿಕೊಳ್ಳಿ. ಪ್ರತಿ ಪುಟದ ಫೋಟೋ ತೆಗೆದು ಚೆನ್ನೈನ ರೋಜಾ ಮುತ್ತಯ್ಯ ಗ್ರಂಥಾಲಯಕ್ಕೆ ಬರೆಯಿರಿ. ಅಲ್ಲಿ ಇಂಥ ಪುಸ್ತಕಗಳ ರಾಶಿಯೇ ಇದೆ, ರಟ್ಟಿರುವ ಪ್ರತಿ ಸಿಕ್ಕರೂ ಸಿಗಬಹುದು. ತುಕ್ಕು ಹಿಡಿದ ಪಿನ್ನನ್ನು ಎಳೆಯಬೇಡಿ, ಕಾಗದವೇ ಕಿತ್ತು ಬರುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.