ನನ್ನ ನೋಟಿಸು ಯಾರೂ ಓದುತ್ತಿಲ್ಲ, ವಿಭಾಗ ಬದಲಿಸಲೇ?

ಪ್ರಶ್ನೆ: ನಾನು ಹಾಲು ಒಕ್ಕೂಟವೊಂದರಲ್ಲಿ ವಿಸ್ತರಣಾಧಿಕಾರಿ. ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವಳು. ಈಗ ನಾನು ಬರೆದದ್ದು ಯಾರಿಗೂ ಬೇಡವಾಗಿದೆ. ಕೆಚ್ಚಲು ಬಾವು ರೋಗಕ್ಕೆ ಔಷಧಿ ಹಾಕಿದ ಹಸುವಿನ ಹಾಲು ತರಬೇಡಿ ಎಂದು ಹಳ್ಳಿಯ ಸಂಘಗಳಿಗೆ ನೋಟಿಸು ಕಳಿಸಿದೆ. ಆ ಹಾಲು ಮತ್ತೆ ಬಂತು. ವ್ಯವಸ್ಥಾಪಕರಿಗೆ ಆರು ಪುಟದ ವರದಿ ಕೊಟ್ಟೆ. ಸಭೆಯಲ್ಲಿ ಎಲ್ಲರ ಎದುರು "ಇದನ್ನಿಟ್ಕೊಂಡು ನಾನೇನಮ್ಮಾ ಮಾಡ್ಲಿ?" ಎಂದರು. ಅವತ್ತಿನಿಂದ ಬರೆಯಲು ಕೂತರೆ ಕೈ ನಡುಗುತ್ತದೆ. ಬರವಣಿಗೆ ಇಲ್ಲದ ವಿಭಾಗ ಕೇಳಿಕೊಳ್ಳಲೇ? ನೋಟಿಸಿನ ಪ್ರತಿ ಜೊತೆಗಿದೆ. ಹೆಸರು, ಊರು ಹಾಕಬೇಡಿ.

ಉತ್ತರ: ಎಲ್ಲರ ಎದುರು ಹಾಗೆ ಕೇಳಿದ್ದು ತಪ್ಪು. ಒಳಗೆ ಕರೆದು ಹೇಳಬಹುದಿತ್ತು. ನಿಮಗೆ ನೋವಾಗಿದ್ದು ಸಹಜ. ಆದರೆ ಅವರು ಕೇಳಿದ ಪ್ರಶ್ನೆಯನ್ನು ಆ ದನಿಯಿಂದ ಬಿಡಿಸಿ ನೋಡಿ. ಅದು ನಿಮಗೆ ತುಂಬಾ ಉಪಯೋಗಕ್ಕೆ ಬರುವ ಪ್ರಶ್ನೆ.

ನಿಮ್ಮ ನೋಟಿಸು ಓದಿದೆ. "ಈ ಮೂಲಕ ಸಮಸ್ತ ಹಾಲು ಉತ್ಪಾದಕರ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಶುರುವಾಗುತ್ತದೆ. ಆಮೇಲೆ ಕೆಚ್ಚಲು ಬಾವು ಯಾವ ಸೂಕ್ಷ್ಮಾಣುಗಳಿಂದ ಬರುತ್ತದೆ, ಎಷ್ಟು ಬಗೆಯಿದೆ, ಪ್ರತಿಜೈವಿಕಗಳು (ಆ್ಯಂಟಿಬಯಾಟಿಕ್ ಔಷಧಿಗಳು) ಹೇಗೆ ಕೆಲಸ ಮಾಡುತ್ತವೆ, ಎಲ್ಲ ಇದೆ. ಒಂದೂ ತಪ್ಪಿಲ್ಲ. ಹಾಲು ತರಬೇಡಿ ಎಂಬ ಮಾತು ಕೊನೆಯ ಸಾಲಿನಲ್ಲಿದೆ.

ಇದು ಪರೀಕ್ಷೆಯ ಉತ್ತರ. ಮೌಲ್ಯಮಾಪಕರಿಗೆ ವಿಷಯ ಮೊದಲೇ ಗೊತ್ತಿರುತ್ತದೆ. ನಮಗೆಷ್ಟು ಗೊತ್ತು ಎಂದು ನೋಡಲು ಅವರು ಓದುತ್ತಾರೆ, ಪೂರ್ತಿ ಓದುವುದು ಅವರ ಕೆಲಸ. ಹದಿನಾರು ಹದಿನೇಳು ವರ್ಷ ನಾವೆಲ್ಲ ಅಂಥವರಿಗೇ ಬರೆದಿರುತ್ತೇವೆ. ನೌಕರಿಗೆ ಸೇರಿದ ದಿನ ಓದುಗರು ಬದಲಾದರು ಎಂದು ಯಾರೂ ಹೇಳಿಕೊಡುವುದಿಲ್ಲ. ನಿಮಗೆ ಬರವಣಿಗೆ ಬರುವುದಿಲ್ಲ ಎಂದು ನನಗೆ ಅನ್ನಿಸಲೇ ಇಲ್ಲ. ನೀವಿನ್ನೂ ಹಳೆಯ ಓದುಗರಿಗೇ ಬರೆಯುತ್ತಿದ್ದೀರಿ, ಅಷ್ಟೇ.

ಹೊಸ ಓದುಗರು ಯಾರು? ಬೆಳಿಗ್ಗೆ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲಿನಲ್ಲಿ ನಿಂತವರು. ಮಕ್ಕಳನ್ನು ಶಾಲೆಗೆ ಕಳಿಸಬೇಕು, ಹೊಲಕ್ಕೆ ಹೋಗಬೇಕು. ಎಷ್ಟೋ ಮನೆಗಳಲ್ಲಿ ಹಾಲು ಕರೆಯುವವರೇ ಬೇರೆ, ತರುವವರೇ ಬೇರೆ. ಫ್ಯಾಟ್ ಎಷ್ಟು ಬಂತು, ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಎಷ್ಟು ಬಂತು, ದುಡ್ಡು ಯಾವತ್ತು ಬೀಳುತ್ತದೆ, ಇವು ಅವರ ಚಿಂತೆ. ಗೋಡೆಯ ಮೇಲಿನ ಹಾಳೆ ನೋಡಲು ಸಿಗುವುದು ಸಾಲು ಮುಂದೆ ಸರಿಯುವಷ್ಟು ಹೊತ್ತು.

ಇನ್ನೂ ಒಂದು ವಿಷಯವಿದೆ, ಇದೇ ಮುಖ್ಯ. ಅವರು ಆ ಹಾಲನ್ನು ಯಾಕೆ ತರುತ್ತಾರೆ? ಎರಡೇ ಹಸು ಇರುವ ಮನೆಯಲ್ಲಿ ಒಂದರ ಹಾಲು ನಿಂತರೆ ಅರ್ಧ ಬಟವಾಡೆ ಹೋಯಿತು. ಮೇಲೆ ಡಾಕ್ಟರ ಖರ್ಚು. ಜೊತೆಗೆ, ಔಷಧಿಯ ಟ್ಯೂಬ್ ಹಾಕಿದ್ದು ಒಂದು ಮೊಲೆಗೆ, ಉಳಿದ ಮೂರರ ಹಾಲು ಚೆನ್ನಾಗಿದೆಯಲ್ಲ ಎಂದು ಬಹಳ ಜನ ನಂಬಿರುತ್ತಾರೆ. ಔಷಧಿ ರಕ್ತದ ಮೂಲಕ ಉಳಿದ ಮೊಲೆಗಳ ಹಾಲಿಗೂ ಸೇರುತ್ತದೆ ಎಂಬುದು ನಿಮಗೆ ಗೊತ್ತು. ನಿಮ್ಮ ನೋಟಿಸಿನಲ್ಲಿ ಅದೊಂದೇ ಇಲ್ಲ! ಕಾಯಿಸಿದರೆ ಸರಿಹೋಗುತ್ತದೆ ಎಂದುಕೊಂಡವರೂ ಇರುತ್ತಾರೆ. ಸಂಘದ ಕಾರ್ಯದರ್ಶಿಯ ಹತ್ತಿರ, ಹಾಲು ಪರೀಕ್ಷಿಸುವ ಟೆಸ್ಟರ್ ಹತ್ತಿರ ಸುಮ್ನೆ ಸ್ವಲ್ಪ ಹೊತ್ತು ಕೂತು ಕೇಳಿ. ಜನ ಏನು ನೆಪ ಹೇಳುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬರೆಯುವ ಮೊದಲು ಆಗಬೇಕಾದ ಕೆಲಸ ಇದು.

ನಾನಾದರೆ ಹೀಗೆ ಬರೆಯುತ್ತಿದ್ದೆ, ದೊಡ್ಡ ಅಕ್ಷರದಲ್ಲಿ:

"ಕೆಚ್ಚಲು ಬಾವಿಗೆ ಔಷಧಿ ಹಾಕಿಸಿದ ಹಸುವಿನ ಹಾಲು ಡೈರಿಗೆ ತರಬೇಡಿ. ಒಂದು ಮೊಲೆಗೆ ಹಾಕಿಸಿದ್ದರೂ ನಾಲ್ಕೂ ಮೊಲೆಯ ಹಾಲು ಬೇಡ. ಕಾಯಿಸಿದರೂ ಔಷಧಿ ಪೂರ್ತಿ ಹೋಗುವುದಿಲ್ಲ. ಎಷ್ಟು ದಿನ ತರಬಾರದು ಎಂದು ಔಷಧಿ ಕೊಟ್ಟ ಡಾಕ್ಟರನ್ನೇ ಕೇಳಿ. ಬೇರೆ ಹಸುಗಳ ಹಾಲನ್ನು ಮೊದಲು ಕರೆದು, ಬೇರೆ ಪಾತ್ರೆಯಲ್ಲಿ ತನ್ನಿ. ಅದಕ್ಕೆ ದುಡ್ಡು ಎಂದಿನಂತೆ ಸಿಗುತ್ತದೆ. ಒಬ್ಬರ ಹಾಲಿನಲ್ಲಿ ಔಷಧಿ ಇದ್ದರೂ ಶೀತಲೀಕರಣ ಟ್ಯಾಂಕಿನಲ್ಲಿರುವ ಎಲ್ಲರ ಹಾಲೂ ಕೆಡಬಹುದು."

ಓದಲು ಬಾರದವರೂ ಆ ಸಾಲಿನಲ್ಲಿ ಇರುತ್ತಾರೆ, ಅಲ್ವಾ? ಇದನ್ನೇ ಕಾರ್ಯದರ್ಶಿ ಹಾಲು ಹಾಕಿಸಿಕೊಳ್ಳುವಾಗ ಬಾಯಲ್ಲಿ ಹೇಳಬಹುದು. ಹಾಗೆ ಹೇಳಲು ಬರುವಂತೆ ಬರೆಯಿರಿ. "ತರಬಯಸುವುದೇನೆಂದರೆ" ಎಂದು ಯಾರೂ ಬಾಯಲ್ಲಿ ಹೇಳುವುದಿಲ್ಲ.

ಇನ್ನು ವ್ಯವಸ್ಥಾಪಕರು. ಅವರಿಗೆ ಬೇಕಾಗಿದ್ದು ಬೇರೆ. ಔಷಧಿ ಬೆರೆತ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ ಎಂದು ಅವರಿಗೆ ನೀವು ವಿವರಿಸಬೇಕಿಲ್ಲ. ಯಾವ ಸಂಘಗಳಿಂದ ಬಂತು, ಈಗ ಏನು ಮಾಡಬೇಕು, ಅದಕ್ಕೆ ಯಾರು ಬೇಕು, ಎಷ್ಟು ಖರ್ಚು, ತಮ್ಮ ಸಹಿ ಎಲ್ಲಿ ಬೇಕು. ಇಷ್ಟು ಮೊದಲ ಪುಟದ ಮೇಲ್ಭಾಗದಲ್ಲಿರಲಿ. ಉಳಿದ ಐದು ಪುಟ ಹಿಂದೆ ಲಗತ್ತಿಸಿ, ಬೇಕಾದಾಗ ತೆಗೆದು ನೋಡುತ್ತಾರೆ. ನೀವು ಪಟ್ಟ ಶ್ರಮ ವ್ಯರ್ಥವಾಗುವುದಿಲ್ಲ.

ವಿಭಾಗ ಬದಲಿಸುವುದು ಈಗ ಬೇಡ. ಬರವಣಿಗೆ ಇಲ್ಲದ ವಿಭಾಗ ಯಾವ ಕಚೇರಿಯಲ್ಲೂ ಇಲ್ಲ. ಅದಕ್ಕಿಂತ ಜಾಸ್ತಿ, ನಿಮ್ಮಂತೆ ವಿಷಯ ಚೆನ್ನಾಗಿ ತಿಳಿದವರು ಹಳ್ಳಿಯ ಕೆಲಸ ಬಿಟ್ಟರೆ ನಷ್ಟ ಆ ಎರಡು ಹಸುವಿನ ಮನೆಗೆ. ಕೈ ನಡುಗುವುದು ವಾರಗಟ್ಟಲೆ ಹೋಗದಿದ್ದರೆ, ನಿದ್ದೆಯೂ ಕೆಟ್ಟಿದ್ದರೆ, ಡಾಕ್ಟರಿಗೆ ತೋರಿಸಿ. ಮುಚ್ಚಿಡಬೇಡಿ.

ಮುಂದಿನ ವರದಿಗೆ ಮೊದಲು ವ್ಯವಸ್ಥಾಪಕರ ಕೋಣೆಗೆ ಹೋಗಿ ಕೇಳಿ: "ಸಾರ್, ಇದನ್ನು ಓದಿ ನೀವು ಏನು ತೀರ್ಮಾನ ಮಾಡಬೇಕಾಗುತ್ತದೆ? ಅದಕ್ಕೆ ತಕ್ಕಂತೆ ಬರೆದು ತರುತ್ತೇನೆ." ಜೊತೆಗೆ, ತಿದ್ದುವುದಿದ್ದರೆ ಕರೆದು ಹೇಳಿ, ಸಭೆಯಲ್ಲಿ ಬೇಡ ಎಂದೂ ಹೇಳಿಬಿಡಿ. ಮರ್ಯಾದೆಯಿಂದಲೇ, ಆದರೆ ನೇರವಾಗಿ.